ಪದಚರ್ಚೆ: ಗೆರೆಯ ‘ಸ್ಲೋಪ್’, ‘ಇಂಟರ್‌ಸೆಪ್ಟ್’ – ನಾಳೆ ಬೆಳಗ್ಗೆಯೊಳಗೆ ಬೇಕು

ಕೇಳಿದವರು, ಸಂಜೆ 4:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ.

ಮಕ್ಕಳಿಗಾಗಿ ಮಾಡುತ್ತಿರುವ ಗಣಿತ ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲೊಂದು ಗ್ರಾಫಿನ ಫಲಕ. ಗ್ರಾಫಿನ ಮೇಲೆ ಒಂದು ನೇರ ಗೆರೆ, ಕೆಳಗೆ ಎರಡು ಗುಂಡಿ. ಮೊದಲ ಗುಂಡಿ ತಿರುಗಿಸಿದರೆ ಗೆರೆ ಮೆಲ್ಲಗೆ ಏಳುತ್ತದೆ. ಹಿಂದಕ್ಕೆ ತಿರುಗಿಸಿದರೆ ಮಲಗುತ್ತದೆ, ಇನ್ನೂ ತಿರುಗಿಸಿದರೆ ಎಡದಿಂದ ಬಲಕ್ಕೆ ಇಳಿಯತೊಡಗುತ್ತದೆ. ಎರಡನೇ ಗುಂಡಿ ತಿರುಗಿಸಿದರೆ ಗೆರೆ ಇದ್ದ ಹಾಗೇ ಮೇಲಕ್ಕೋ ಕೆಳಕ್ಕೋ ಜರುಗುತ್ತದೆ. ಸಮೀಕರಣ ಮೇಲೆ ತಾನಾಗಿ ಬದಲಾಗುತ್ತಿರುತ್ತದೆ: ವೈ = 2ಎಕ್ಸ್ + 3, ಆಮೇಲೆ ವೈ = 2ಎಕ್ಸ್ − 1, ಹೀಗೆ.

ಎರಡು ಗುಂಡಿಗಳ ಕೆಳಗೂ ಒಂದೊಂದು ಹಿತ್ತಾಳೆ ಪಟ್ಟಿ ಬರಬೇಕು. ಅಗಲ 4 ಸೆಂ.ಮೀ. ಆರೇಳು ಅಕ್ಷರಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ನಾಳೆ ಬೆಳಗ್ಗೆ 10ಕ್ಕೆ ಕೆತ್ತಲು ಕೊಡಬೇಕು.

ಮೊದಲ ಗುಂಡಿಯದು ಸ್ಲೋಪ್, ಗೆರೆ ಎಷ್ಟು ಕಡಿದಾಗಿದೆ ಅನ್ನುವ ಅಳತೆ. ಎರಡನೆಯದರದು ಇಂಟರ್‌ಸೆಪ್ಟ್, ಗೆರೆ ವೈ ಅಕ್ಷವನ್ನು ಎಲ್ಲಿ ಕತ್ತರಿಸುತ್ತದೆ ಅನ್ನುವುದು. ಮೊದಲನೆಯದಕ್ಕೆ ‘ಇಳಿಜಾರು’ ಅಂದುಕೊಂಡಿದ್ದೆ. ಎರಡನೆಯದಕ್ಕೆ ಒಂದು ಕಡೆ ‘ಅಂತಃಖಂಡ’, ಇನ್ನೊಂದು ಕಡೆ ‘ಛೇದ’, ಮತ್ತೊಂದು ಕಡೆ ‘ಛೇದಕ’ ಸಿಕ್ಕಿತು. ಯಾವುದು ಹಾಕಲಿ?

ಗಣಿತದ ಮೇಷ್ಟ್ರು, 4:22

ಇಳಿಜಾರು. ಮೂವತ್ತು ವರ್ಷ ಅದನ್ನೇ ಹೇಳಿಕೊಟ್ಟಿದ್ದೇನೆ. ಹೊಸದು ಹುಡುಕಬೇಡಿ.

‘ಛೇದ’ ಮಾತ್ರ ಬೇಡ. ಭಿನ್ನರಾಶಿಯಲ್ಲಿ ಅಂಶ, ಛೇದ ಅಂತ ಚಿಕ್ಕ ತರಗತಿಯಲ್ಲೇ ಕಲಿತಿರುತ್ತಾರೆ. ಸ್ಲೋಪ್ ಅನ್ನೋದೇ ಒಂದು ಭಿನ್ನರಾಶಿ: ಮೇಲೆ ಗೆರೆ ಏರಿದ್ದೆಷ್ಟು, ಕೆಳಗೆ ಬಲಕ್ಕೆ ಹೋದದ್ದೆಷ್ಟು. ಅದರ ಕೆಳಗೂ ಒಂದು ಛೇದ ಇರುತ್ತದೆ. ಮಗು ಎರಡನ್ನೂ ಕಲಸಿಕೊಳ್ಳುತ್ತದೆ. ‘ಛೇದಕ’ ಆಗಲೇ ವೃತ್ತವನ್ನು ಎರಡು ಕಡೆ ಕತ್ತರಿಸುವ ಗೆರೆಯ ಹೆಸರಾಗಿ ಹೋಗಿದೆ.

ನಿಘಂಟಿನವರು, 4:51

ಮೇಷ್ಟ್ರು ಹೇಳಿದ ಎರಡನೇ ಭಾಗ ಒಪ್ಪಿದೆ. ಮೊದಲನೆಯದು ಖಂಡಿತ ಒಪ್ಪುವುದಿಲ್ಲ.

ಇಳಿಜಾರು ಜಾಗದ ಹೆಸರು, ಅಳತೆಯ ಹೆಸರಲ್ಲ. ‘ಇಳಿಜಾರಿನಲ್ಲಿ ಗಾಡಿ ನಿಲ್ಲಿಸಬೇಡಿ’ ಅನ್ನುತ್ತೇವೆ. ‘ಇಳಿಜಾರು ಎರಡು’ ಅಂದರೆ ಎರಡು ಕಡೆ ಇಳಿಜಾರಿದೆ ಅಂತಲೇ ಕೇಳುವವರಿಗೆ ಅನಿಸುವುದು. ಅಳತೆಗೆ ಭಾವನಾಮ ಬೇಕು. ಪ್ರವಣ ಎಂದರೆ ಇಳಿಜಾರಾದದ್ದು, ಪ್ರವಣತೆ ಅದರ ಗುಣ. ಸಿದ್ಧ ಪದ ಇರುವಾಗ ಚರ್ಚೆ ಏಕೆ?

ಇನ್ನು ಇಂಟರ್‌ಸೆಪ್ಟ್. ಲ್ಯಾಟಿನ್ನಿನಲ್ಲಿ ‘ಇಂಟರ್’ ನಡುವೆ, ‘ಕಾಪೆರೆ’ ಹಿಡಿ, ತೆಗೆದುಕೊ. ನಡುವೆ ಹಿಡಿದದ್ದು. ಮೂಲಬಿಂದುವಿಗೂ ಗೆರೆ ಅಕ್ಷವನ್ನು ಕತ್ತರಿಸಿದ ಕಡೆಗೂ ನಡುವೆ ಸಿಕ್ಕಿದ ಅಕ್ಷದ ಭಾಗ. ಅಂತಃಖಂಡ ಇದಕ್ಕೆ ಅಳೆದು ಹೊಲಿದ ಹಾಗಿದೆ. ಹಿಂದಿಯಲ್ಲೂ ಇದೇ. ಪ್ರವಣತೆ, ಅಂತಃಖಂಡ ಎರಡೂ ನಿಮ್ಮ ಪಟ್ಟಿಯಲ್ಲಿ ಹಿಡಿಸುತ್ತವೆ.

ಅಚ್ಚಗನ್ನಡದವರು, 5:03

ಅಂತಕ್ಕಂಡ ಎಂದು ಓದಿಕೊಂಡೆ. ಯಾರು ಏನನ್ನು ಕಂಡರೋ ತಿಳಿಯಲಿಲ್ಲ.

ಮಕ್ಕಳ ಬಾಯಲ್ಲಿ ಹೊರಳದ ನುಡಿಯನ್ನು ಹಿತ್ತಾಳೆಯಲ್ಲಿ ಕೆತ್ತಿ ಏನು ಉಪಯೋಗ? ನಮ್ಮಲ್ಲಿ ‘ಓರೆ’ ಇದೆ. ಟೋಪಿ ಓರೆ, ಬೈತಲೆ ಓರೆ, ಗೆರೆಯೂ ಓರೆ. ಏರಿದರೂ ಓರೆ, ಇಳಿದರೂ ಓರೆ. ಎರಡೇ ಅಕ್ಕರ. ‘ಒರಗು’ ಕೂಡ ಇದೇ ಬೇರಿನದು, ‘ಒರೆಗಲ್ಲು’ ಕೂಡ.

ಇಂಟರ್‌ಸೆಪ್ಟಿಗೆ ನಾನು ಕಟ್ಟಿದ್ದು ‘ಹಾಯ್ದಾಣ’. ನಿಲ್ಲುವ ತಾಣ ನಿಲ್ದಾಣ, ತಂಗುವ ತಾಣ ತಂಗುದಾಣ. ಗೆರೆ ಅಚ್ಚನ್ನು, ಅಂದರೆ ನಿಮ್ಮ ಅಕ್ಷವನ್ನು, ಹಾಯುವ ತಾಣ ಹಾಯ್ದಾಣ.

ನಿಘಂಟಿನವರು, 5:09

‘ತಾಣ’ ಸಂಸ್ಕೃತದ ‘ಸ್ಥಾನ’ದ ತದ್ಭವ. ಅಚ್ಚಗನ್ನಡ ಚೆನ್ನಾಗಿದೆ, ಮುಂದುವರಿಸಿ. ‘ಉಪಯೋಗ’ವೂ ಚೆನ್ನಾಗಿದೆ.

ಒರೆಗಲ್ಲಿನ ‘ಒರೆ’ ಉಜ್ಜು ಎಂಬ ಅರ್ಥದ್ದು. ಚಿನ್ನ ಉಜ್ಜಿ ನೋಡುವ ಕಲ್ಲು. ಓರೆಗೂ ಅದಕ್ಕೂ ಏನೂ ಸಂಬಂಧವಿಲ್ಲ. ದೀರ್ಘ ಒಂದು ಇದೆ ಅಲ್ಲಿ, ಕಣ್ಣಿಗೆ ಬೀಳಲಿಲ್ಲವೇ?

ಅಚ್ಚಗನ್ನಡದವರು, 5:15

ನಮ್ಮ ಬಾಯಲ್ಲಿ ತಿದ್ದಿಕೊಂಡು ಬಂದ ಮೇಲೆ ತಾಣ ನಮ್ಮದೇ. ತೊಂದರೆ ಇರುವುದು ತಿದ್ದಿಕೊಳ್ಳದೆ ಹಾಗೇ ಹೊತ್ತು ತಂದದ್ದರಲ್ಲಿ.

ಇಂಜಿನಿಯರ್, 5:20

ಹಾಗಾದರೆ ‘ಸ್ಲೋಪು’ ಕೂಡ ನಿಮ್ಮದೇ. ಬಸ್ಸು, ಕಾರು, ಬೋರ್ಡು ಆದ ಹಾಗೆ ಕೊನೆಗೊಂದು ಉ ಸೇರಿಸಿಕೊಂಡು ಆಗಲೇ ಬಂದಾಗಿದೆ. ಸ್ಲೋಪು, ಇಂಟರ್‌ಸೆಪ್ಟು. ಕೆತ್ತಿಸಿ ಮುಗಿಸಿ ಮೇಡಂ. ಮುಂದೆ ಕಾಲೇಜಿಗೆ ಹೋದಾಗ ಹೇಗೂ ಅದನ್ನೇ ಕಲಿಯಬೇಕು.

ಕೇಳಿದವರು, 5:48

ಎಲ್ಲರಿಗೂ ಥ್ಯಾಂಕ್ಸ್. ಆದರೆ ಒಂದು ತೊಡಕು.

ನೀವು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ಒಂದೊಂದಾಗಿ ಮೊದಲ ಗುಂಡಿಯ ಕೆಳಗೆ ಅಂಟಿಸಿ ನೋಡಿದೆ. ‘ಇಳಿಜಾರು’ ಅಂಟಿಸಿ ಗುಂಡಿಯನ್ನು +2ಕ್ಕೆ ತಂದರೆ ಗೆರೆ ಏಣಿಯ ಹಾಗೆ ಏರುತ್ತಿದೆ. ಕೆಳಗೆ ಇಳಿಜಾರು ಅಂತಿದೆ! ಇನ್ನೂ ಏರಿಸಿದೆ, ‘ಇಳಿಜಾರು ಜಾಸ್ತಿ ಆಯಿತು’ ಅನ್ನಬೇಕು. ಗೆರೆ ನಿಜವಾಗಿ ಇಳಿಯುವಾಗ ಇಳಿಜಾರು ಮೈನಸ್. ಹೇಳಿ ಮೇಷ್ಟ್ರೇ, ಇದನ್ನು ಮಕ್ಕಳಿಗೆ ಹೇಗೆ ಹೇಳುತ್ತಿದ್ದಿರಿ?

ಗಣಿತದ ಮೇಷ್ಟ್ರು, 6:05

ಹೇಳುತ್ತಿರಲಿಲ್ಲ. ಲೆಕ್ಕ ಮಾಡಿಸುತ್ತಿದ್ದೆ.

ಮಕ್ಕಳು ಎಡವುವುದು ಪದದಲ್ಲಿ ಅಲ್ಲಮ್ಮ, ಸಮೀಕರಣ ಓದುವುದರಲ್ಲಿ. 2ಎಕ್ಸ್ + 3ವೈ = 12 ಕೊಟ್ಟು ಇಳಿಜಾರು ಎಷ್ಟು ಅಂತ ಕೇಳಿ. ಅರ್ಧ ತರಗತಿ 2 ಅನ್ನುತ್ತದೆ. ಎಕ್ಸ್ ಪಕ್ಕದಲ್ಲಿ ಕಂಡ ಅಂಕಿ ಅದೇ ತಾನೇ? ವೈ ಒಂಟಿಯಾಗಿ ನಿಲ್ಲಬೇಕು, ಆಮೇಲೆ ನೋಡಬೇಕು. 2ಎಕ್ಸ್ ಆಚೆ ಕಳಿಸಿ, ಎಲ್ಲವನ್ನೂ 3ರಿಂದ ಭಾಗಿಸಿ. ವೈ = −(2/3)ಎಕ್ಸ್ + 4. ಇಳಿಜಾರು −2/3, ವೈ ಅಕ್ಷದ ಮೇಲೆ 4. ವೈ ಸೊನ್ನೆ ಮಾಡಿದರೆ ಎಕ್ಸ್ 6. ಅಂದರೆ ಎಕ್ಸ್ ಅಕ್ಷವನ್ನು 6ರಲ್ಲಿ ಕತ್ತರಿಸುತ್ತದೆ.

ಈಗ ಚಿತ್ರ ಬರೆಯಿರಿ. ಒಂದು ಅಕ್ಷದಲ್ಲಿ 6 ಉದ್ದದ ತುಂಡು, ಇನ್ನೊಂದರಲ್ಲಿ 4 ಉದ್ದದ ತುಂಡು, ಗೆರೆ ಎರಡನ್ನೂ ಸೇರಿಸುತ್ತದೆ. ಬಲಕ್ಕೆ 6 ಹೋಗುವಷ್ಟರಲ್ಲಿ 4 ಇಳಿದಿದೆ. −4/6, ಅದೇ −2/3. ಈ ತ್ರಿಕೋನ ಒಂದನ್ನು ಕಂಡ ಹುಡುಗ ಮತ್ತೆ ಮರೆಯುವುದಿಲ್ಲ, ನೀವು ಏನೇ ಹೆಸರಿಡಿ.

ಓರೆ ಬೇಡ. ‘ಓರೆಕೋರೆ’ ಕೇಳಿದ ಮಗುವಿಗೆ ನೇರ ಗೆರೆಯ ಓರೆ ಎಷ್ಟು ಅಂದರೆ ತಲೆ ಕೆಡುತ್ತದೆ.

ಇನ್ನೊಬ್ಬ ಅನುವಾದಕರು, 6:30

ಅಕ್ಕಪಕ್ಕದವರು ಏನು ಮಾಡಿದ್ದಾರೆ ಅಂತ ಯಾರೂ ನೋಡಲಿಲ್ಲವಲ್ಲ. ಮರಾಠಿಯಲ್ಲಿ ಸ್ಲೋಪಿಗೆ ‘ಚಢ’, ಅಂದರೆ ಏರು. ನಾವು ಇಳಿಯುವ ಕಡೆಯಿಂದ ನೋಡಿದ್ದನ್ನು ಅವರು ಏರುವ ಕಡೆಯಿಂದ ನೋಡಿದ್ದಾರೆ. ಪ್ಲಸ್ ಮೈನಸ್ ಲೆಕ್ಕಕ್ಕೆ ಅವರದೇ ಸರಿ. ತಮಿಳಿನಲ್ಲಿ ‘ಸಾಯ್ವು’, ಮಲಯಾಳದಲ್ಲಿ ‘ಚರಿವ್’, ತೆಲುಗಿನಲ್ಲಿ ‘ವಾಲು’. ಮೂವರೂ ಬಾಗಿದೆ, ಒರಗಿದೆ ಅನ್ನುವ ಮಾತನ್ನೇ ಹಿಡಿದಿದ್ದಾರೆ. ಏರು ಇಳಿ ಯಾವುದೂ ಅದರಲ್ಲಿಲ್ಲ.

ಇಂಟರ್‌ಸೆಪ್ಟಿಗೆ ತಮಿಳರದು ‘ವೆಟ್ಟುತ್ತುಂಡು’. ವೆಟ್ಟಿದ ತುಂಡು, ಕತ್ತರಿಸಿದ ತುಂಡು. ಮೇಷ್ಟ್ರ ಬಾಯಿಂದ ಈಗ ತಾನೇ ‘ತುಂಡು’ ತಾನಾಗಿ ಬಂತಲ್ಲ? ಅದನ್ನೇ ಹಾಕಬಹುದಲ್ವಾ? ಮೊದಲನೆಯದಕ್ಕೆ ತೆಲುಗಿನ ಹಾಗೆ ‘ವಾಲು’. ಕನ್ನಡದಲ್ಲೂ ಗೋಡೆ ವಾಲುತ್ತದೆ.

ಅಚ್ಚಗನ್ನಡದವರು, 6:34

ವಾಲು ಕೂಡ ಆಗಬಹುದು. ಓರೆಯೇ ಮೇಲು.

ಕಟ್ಟಡ ಕೆಲಸದವರು, 7:40

ಸಾಮಾನ್ಯವಾಗಿ ಇಲ್ಲಿ ಸುಮ್ನೆ ಓದುವವನು ನಾನು. ಇದು ನನ್ನ ಕೆಲಸಕ್ಕೆ ಬಂದದ್ದರಿಂದ ಬರೆಯುತ್ತಿದ್ದೇನೆ.

ಗೋಡೆ ವಾಲಿದೆಯಾ ಅಂತ ನೋಡೋದು ಹೇಗೆ? ದಾರಕ್ಕೆ ಗುಂಡು ಕಟ್ಟಿ ಮೇಲಿನಿಂದ ಇಳಿಬಿಡುತ್ತೇವೆ. ದಾರಕ್ಕೂ ಗೋಡೆಗೂ ನಡುವೆ ಸಂದು ಎಷ್ಟು, ಅದು ವಾಲು. ಅಂದರೆ ನೆಟ್ಟಗೆ ನಿಂತಿರೋದರಿಂದ ಅಳೆಯೋದು. ಒಂದು ಬೆರಳು ವಾಲಿದ ಗೋಡೆಗೆ ವಾಲು ಕಡಿಮೆ. ಆದರೆ ಅದೇ ಗೋಡೆಯನ್ನು ಮೇಷ್ಟ್ರ ಗ್ರಾಫಿನಲ್ಲಿ ಬರೆದರೆ ಸ್ಲೋಪು ನೂರೋ ಇನ್ನೂರೋ ಆಗುತ್ತದೆ. ಪೂರ್ತಿ ಬಿದ್ದು ಮಲಗಿದ ಗೋಡೆಗೆ ಸೊನ್ನೆ. ವಾಲು ಅಂದರೆ ಲೆಕ್ಕ ಉಲ್ಟಾ ಹೊಡೆಯುತ್ತದೆ. ಓರೆಗೂ ಅದೇ ಗತಿ. ಕಂಬ ಓರೆ ಅನ್ನೋದು ಅದು ನೆಟ್ಟಗಿಲ್ಲ ಅಂತ.

ಇಳಿಜಾರಿಗೆ ಆ ತೊಂದರೆ ಇಲ್ಲ. ಅದನ್ನು ಮಟ್ಟಸ ನೆಲದಿಂದ ಅಳೆಯುತ್ತೇವೆ. ಮಟ್ಟ ಇದ್ದರೆ ಇಳಿಜಾರು ಸೊನ್ನೆ, ಕಡಿದಾದಷ್ಟೂ ಜಾಸ್ತಿ. ಪ್ಲಸ್ ಮೈನಸ್ ಒಂದೇ ತಿರುವುಮುರುವು.

ನಾವು ಕೆಲಸದಲ್ಲಿ ಹೇಳೋದು ‘ವಾಟ’. ನೀರು ಹರಿಯಲಿ ಅಂತ ನೆಲಕ್ಕೆ ವಾಟ ಕೊಡುತ್ತೇವೆ. ನೂರು ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ವಾಟ, ಹೀಗೆ. ಅಡ್ಡಕ್ಕೆ ಇಷ್ಟು ಹೋದರೆ ಕೆಳಕ್ಕೆ ಎಷ್ಟು, ಅದೇ ವಾಟ. ಮೇಷ್ಟ್ರ ತ್ರಿಕೋನವೂ ಅದೇ ಅಲ್ವಾ? ಇನ್ನೊಂದು, ವಾಟ ಅಂದ ಕೂಡಲೇ ಯಾವ ಕಡೆಗೆ ಅಂತ ಕೇಳುತ್ತಾರೆ. ಬಾಗಿಲ ಕಡೆಗೆ ವಾಟ ಬಂದರೆ ಕೆಲಸ ಕೆಟ್ಟ ಹಾಗೆ. ನಿಮ್ಮ ಪ್ಲಸ್ ಮೈನಸ್ ಅಲ್ಲೇ ಇದೆ.

ಕೇಳಿದವರು, 7:46

ಅಯ್ಯೋ, ಎಷ್ಟು ಚೆನ್ನಾಗಿದೆ ಈ ಪದ!

ನಿಘಂಟಿನವರು, 7:58

ವಾಟ ಎಂದರೆ ಸಂಸ್ಕೃತದಲ್ಲಿ ಆವರಣ, ಬೇಲಿ ಹಾಕಿದ ಜಾಗ. ‘ವಾಟಿಕಾ’ ನೆನಪಿಸಿಕೊಳ್ಳಿ. ಗಣಿತಕ್ಕೂ ಅದಕ್ಕೂ ಏನೂ ಇಲ್ಲ.

ಕಟ್ಟಡ ಕೆಲಸದವರು, 8:02

ನಮ್ಮ ವಾಟಕ್ಕೆ ಬೇಲಿ ಇಲ್ಲ ಸ್ವಾಮಿ, ನೀರು ಹೋಗಬೇಕು.

ಗಣಿತದ ಮೇಷ್ಟ್ರು, 8:10

ಗಾರೆ ಕೆಲಸದ ಮಾತನ್ನು ಸಮೀಕರಣಕ್ಕೆ ತರುವುದು ಬೇಡ. ಪದಕ್ಕೆ ಒಂದು ಗೌರವ ಇರಬೇಕು.

ಅಚ್ಚಗನ್ನಡದವರು, 8:13

ಇದೇ ಬೇನೆ ನೋಡಿ. ದುಡಿಯುವವರ ಬಾಯಲ್ಲಿದ್ದರೆ ಮಾತು, ಹೊತ್ತಗೆಯಲ್ಲಿದ್ದರೆ ಪದ. 12ನೇ ನೂರೇಡಿನಲ್ಲೇ ರಾಜಾದಿತ್ಯ ಕನ್ನಡದಲ್ಲಿ ಲೆಕ್ಕದ ಹೊತ್ತಗೆಗಳನ್ನು ಬರೆದ. ಅವನಿಗೆ ಆದದ್ದು ನಮಗೆ ಯಾಕೆ ಆಗದು?

ನಿಘಂಟಿನವರು, 8:20

ರಾಜಾದಿತ್ಯನ ಹೆಸರು ತಂದದ್ದಕ್ಕೆ ಸಂತೋಷ. ಅವನ ಒಂದು ಕೃತಿಯ ಹೆಸರು ‘ವ್ಯವಹಾರಗಣಿತ’. ಅದರಲ್ಲಿ ಅಚ್ಚಗನ್ನಡ ಎಷ್ಟಿದೆ ಎಣಿಸಿ ಹೇಳಿ.

ಇಂಜಿನಿಯರ್, 8:31

ಅವನ ಕಾಲದಲ್ಲಿ ಗ್ರಾಫೂ ಇರಲಿಲ್ಲ. ಗೆರೆಯನ್ನು ಸಮೀಕರಣವಾಗಿ ಬರೆಯುವ ದಾರಿ ದೆಕಾರ್ತ್ ಅಚ್ಚು ಹಾಕಿಸಿದ್ದು 1637ರಲ್ಲಿ. ವಸ್ತುವೇ ಹೊರಗಿನಿಂದ ಬಂದಿದೆ, ಹೆಸರೂ ಬರಲಿ. ಸ್ಲೋಪಿಗೆ ಎಂ ಅಂತ ಬರೆಯುತ್ತೀರಲ್ಲ, ಅದೂ ದೆಕಾರ್ತನದೇ. ಫ್ರೆಂಚಿನ ‘ಮೋಂತೆ’, ಅಂದರೆ ಏರು, ಅದರ ಮೊದಲ ಅಕ್ಷರ. ಅದನ್ನು ಯಾಕೆ ಕನ್ನಡ ಮಾಡಲಿಲ್ಲ?

ಗಣಿತದ ಮೇಷ್ಟ್ರು, 8:44

ಎಂ ಕಥೆ ಬರೀ ಕಟ್ಟುಕಥೆ. ದೆಕಾರ್ತ್ ಸ್ಲೋಪಿಗೆ ಎಂ ಬಳಸಿಯೇ ಇಲ್ಲ. ಇಂಗ್ಲಿಷಿನಲ್ಲಿ ಮ್ಯಾಥ್ಯೂ ಓಬ್ರಿಯನ್ 1844ರಲ್ಲಿ ಬಳಸಿದ್ದು ಸಿಗುತ್ತದೆ. ಆ ಅಕ್ಷರವೇ ಯಾಕೆ ಅನ್ನುವುದಕ್ಕೆ ಒಪ್ಪುವಂಥ ಕಾರಣ ಇಲ್ಲ. ವೈ = ಎಂಎಕ್ಸ್ + ಸಿ ಅನ್ನುವಾಗ ಇಂಟರ್‌ಸೆಪ್ಟಿಗೆ ಬರುವ ಕೊನೆಯ ಅಕ್ಷರವೂ ಹಾಗೇ. ನಾವು ಸಿ ಬರೆಯುತ್ತೇವೆ, ಅಮೆರಿಕದವರು ಬಿ ಬರೆಯುತ್ತಾರೆ. ಸ್ವೀಡನ್ನಿನಲ್ಲಿ ಇನ್ನೂ ಮಜಾ. ಅಲ್ಲಿ ಸ್ಲೋಪು ಕೆ, ಇಂಟರ್‌ಸೆಪ್ಟು ಎಂ. ಅಕ್ಷರ ಯಾವುದಾದರೂ ಗೆರೆ ಅಲ್ಲಾಡುವುದಿಲ್ಲ.

ಇಂಜಿನಿಯರ್, 8:47

ಸರಿ, ಎಂ ವಿಷಯ ವಾಪಸ್. ಉಳಿದದ್ದು ವಾಪಸ್ ಇಲ್ಲ.

ಇನ್ನೊಬ್ಬ ಅನುವಾದಕರು, 8:55

ಜಗಳದ ನಡುವೆ ಒಂದು ಕೆಲಸದ ಮಾತು. ಯಾವ ಪದ ಆರಿಸಿದರೂ ಅದರ ಮುಂದೆ ‘ಇಲ್ಲ’ ಹಾಕಿ ನೋಡಿ. ‘ಇಳಿಜಾರು ಇಲ್ಲ’ ಅಂದರೆ ಏನು? ಮಲಗಿದ ಗೆರೆಗೆ ಅದು ಸೊನ್ನೆ. ನೆಟ್ಟಗೆ ನಿಂತ ಗೆರೆಗೆ ಅದನ್ನು ಹೇಳಲಿಕ್ಕೇ ಆಗುವುದಿಲ್ಲ, ಯಾಕೆಂದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಕನ್ನಡದಲ್ಲಿ ಎರಡಕ್ಕೂ ‘ಇಲ್ಲ’ ಅಂತಲೇ ಬಾಯಿಗೆ ಬರುವುದು. ನಾನು ಹಿಂದೊಮ್ಮೆ ಒಂದು ಪಾಠ ಅನುವಾದ ಮಾಡುವಾಗ ನಿಂತ ಗೆರೆಗೆ ‘ಇಳಿಜಾರು ಇರುವುದಿಲ್ಲ’, ನಾಲ್ಕು ಸಾಲು ಕೆಳಗೆ ಮಲಗಿದ ಗೆರೆಗೂ ‘ಇಳಿಜಾರು ಇರುವುದಿಲ್ಲ’ ಅಂತ ಬರೆದು ಕಳಿಸಿದ್ದೆ. ಅಚ್ಚಾಗಿ ಬಂದ ಮೇಲೆ ಕಂಡಿತು. ಫಲಕದ ವಿವರಣೆಯಲ್ಲಿ ‘ಸೊನ್ನೆ’ ಅಂತಲೇ ಬರೆಯಿರಿ, ‘ಇಲ್ಲ’ ಬೇಡ.

ಕೇಳಿದವರು, 9:02

ನಮ್ಮ ಗುಂಡಿ ಗೆರೆಯನ್ನು ನೆಟ್ಟಗೆ ನಿಲ್ಲಿಸುವುದಿಲ್ಲ. +5ಕ್ಕೆ ನಿಂತುಬಿಡುತ್ತದೆ. ಆದರೆ ವಿವರಣೆಯಲ್ಲಿ ನಾನೂ ಈಗ ತಾನೇ ‘ಇಲ್ಲ’ ಅಂತ ಬರೆದಿದ್ದೆ. ತಿದ್ದಿದೆ. ದೊಡ್ಡ ಉಪಕಾರ.

ನಿಘಂಟಿನವರು, 9:15

‘ತುಂಡು’ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಗೆರೆ ಮೂಲಬಿಂದುವಿನ ಕೆಳಗೆ ಹಾದರೆ ಇಂಟರ್‌ಸೆಪ್ಟು −3. ಮೈನಸ್ ಮೂರು ತುಂಡು ಎಂದರೆ ಏನು? ತುಂಡಿಗೆ ಮೈನಸ್ ಉದ್ದ ಇರುತ್ತದೆಯೇ?

ಕಟ್ಟಡ ಕೆಲಸದವರು, 9:19

ಖಂಡಕ್ಕೆ ಇರುತ್ತದಾ?

ನಿಘಂಟಿನವರು, 9:33

ಇಲ್ಲ. ಸರಿ.

ಅಚ್ಚಗನ್ನಡದವರು, 9:36

ಇದನ್ನು ಕೆತ್ತಿಸಿ ಇಡಬೇಕು.

ಕೇಳಿದವರು, ಮರುದಿನ ಬೆಳಗ್ಗೆ 9:20

ಎಲ್ಲರಿಗೂ ನಮಸ್ಕಾರ. ರಾತ್ರಿ ಕೂತು ತೀರ್ಮಾನ ಮಾಡಿದೆ. ಬೈಯುವವರು ಬೈಯಬಹುದು.

‘ವಾಟ’ ಹಾಕಲು ತುಂಬಾ ಆಸೆ ಇತ್ತು. ಆದರೆ ಉಳಿದ ಮೂರು ಫಲಕಗಳಲ್ಲಿ ‘ಇಳಿಜಾರು’ ಆಗಲೇ ಅಚ್ಚಾಗಿದೆ. ಒಂದೇ ಕೋಣೆಯಲ್ಲಿ ಒಂದೇ ವಸ್ತುವಿಗೆ ಎರಡು ಹೆಸರು ಇಟ್ಟರೆ ಮಕ್ಕಳು ಎರಡು ವಸ್ತು ಅಂದುಕೊಳ್ಳುತ್ತಾರೆ. ಹಾಗಾಗಿ ಇಳಿಜಾರು. ಪ್ಲಸ್ ಮೈನಸ್ ತೊಡಕಿಗೆ ಪಟ್ಟಿಯ ಎರಡು ತುದಿಗೆ ಎರಡು ಚಿಕ್ಕ ಗೆರೆ ಕೆತ್ತಿಸುತ್ತಿದ್ದೇನೆ. ಏರುವ ಗೆರೆಯ ಪಕ್ಕ +, ಇಳಿಯುವ ಗೆರೆಯ ಪಕ್ಕ −. ಕೆಳಗಿನ ವಿವರಣೆಯಲ್ಲಿ ‘ನೆಲಕ್ಕೆ ವಾಟ ಕೊಡುವಾಗ ಅಳೆಯುವುದೂ ಇದನ್ನೇ’ ಅಂತ ಒಂದು ಸಾಲು ಸೇರಿಸಿದ್ದೇನೆ.

ಎರಡನೆಯದಕ್ಕೆ ಬರೀ ‘ತುಂಡು’ ಅಂತ ಅಂಟಿಸಿದೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, ಗುಂಡಿ ತುಂಡಾಗಿದೆಯಾ ಅಂತ ಕೇಳಿದರು. ‘ವೈ-ಖಂಡ’ ಅಂಟಿಸಿದೆ. ಭೂಗೋಳದ ಫಲಕ ಪಕ್ಕದಲ್ಲೇ ಇದೆ, ಅಲ್ಲಿ ಏಳು ಖಂಡಗಳು. ಕೊನೆಗೆ ‘ವೈ-ತುಂಡು’. ಯಾರೂ ಏನೂ ಕೇಳಲಿಲ್ಲ.

ಗಣಿತದ ಮೇಷ್ಟ್ರು, 9:31

ಮೊದಲೇ ಹೇಳಿದ್ದೆ, ಇಳಿಜಾರು ಅಂತ.

ನಿಘಂಟಿನವರು, 9:40

ಇಂಗ್ಲಿಷ್ ಅಕ್ಷರದ ಹೆಸರಿಗೆ ಕನ್ನಡದ ತುಂಡನ್ನು ಗಂಟು ಹಾಕಿ ಸಮಾಸ ಮಾಡಿದ್ದೀರಿ. ಅರಿಸಮಾಸಕ್ಕೂ ಒಂದು ಮಿತಿ ಇದೆ.

ಅಚ್ಚಗನ್ನಡದವರು, 9:44

ಅರೆ ಗೆಲುವು. ಇರಲಿ. ಆದರೆ ಮೊದಲಿನಿಂದ ಒಂದು ಕೇಳಬೇಕು ಅಂತಿದ್ದೆ. ಫಲಕದಲ್ಲಿ ‘ಗುಂಡಿ ತಿರುಗಿಸಿ’ ಎಂದು ಬರೆದಿದ್ದೀರಾ? ಗುಂಡಿಯನ್ನು ಒತ್ತುತ್ತಾರೆ. ತಿರುಗಿಸುವುದಕ್ಕೆ ಬೇರೆ ಹೆಸರು ಬೇಕಲ್ಲವೇ? ‘ತಿರುಪು’ ಎಂದರೆ ಹೇಗೆ?

ಕಟ್ಟಡ ಕೆಲಸದವರು, 9:50

ತಿರುಪು ಅಂದರೆ ಸ್ಕ್ರೂ. ಮಕ್ಕಳು ಸ್ಕ್ರೂಡ್ರೈವರ್ ಹುಡುಕುತ್ತಾರೆ.

ಇಂಜಿನಿಯರ್, 9:52

ನಾಬ್.

ನಿಘಂಟಿನವರು, 9:55

ಅಂಗಿಯ ಗುಂಡಿ, ನೆಲದ ಗುಂಡಿ, ಎರಡೂ ಒಂದೇ ಪದವೇ ಬೇರೆ ಬೇರೆಯೇ ಎಂಬುದು ಮೊದಲು ಇತ್ಯರ್ಥವಾಗಬೇಕು. ನನ್ನ ಅಭಿಪ್ರಾಯದಲ್ಲಿ

ಕೇಳಿದವರು, 9:56

ಅದು ಅಚ್ಚಾಗಿ ಗೋಡೆಗೂ ಹತ್ತಿಯಾಯಿತು ಸಾರ್. ನಾನು ಕೆತ್ತುವವರ ಹತ್ತಿರ ಹೊರಟೆ.